ತೋಳಿನ ಮೇಲಿನ ಬಿಲ್ಲೆ

ಸ್ವಾತಂತ್ರ್ಯೋತ್ಸವದ ಮೆರವಣಿಗೆಯಲ್ಲಿ ಸಾಗುವ ಬಾಲಚರರನ್ನು ನೋಡದವರು ವಿರಳ. ಕೊರಳಿಗೆ ಸುತ್ತಿದ ಸ್ಕಾರ್ಫು, ತಲೆಯ ಮೇಲೆ ಟೋಪಿ, ಅಂಗಿಯ ತೋಳಿಗೆ ಹೊಲಿದ ಬಟ್ಟೆಯ ಬಿಲ್ಲೆಗಳು. ನೋಡುವವರ ಕಣ್ಣು ಮೊದಲು ಹರಿಯುವುದು ಆ ಬಿಲ್ಲೆಗಳ ಕಡೆಗೆ. ಒಬ್ಬನ ತೋಳಿನಲ್ಲಿ ಒಂದೇ ಒಂದು ಬಿಲ್ಲೆ. ಅವನ ಪಕ್ಕದಲ್ಲಿ ನಡೆಯುವವನ ತೋಳಿನಲ್ಲಿ ಸಾಲು ಸಾಲು. ಅವನಿಗೆ ಅಷ್ಟೇಕೆ, ಇವನಿಗೆ ಇಷ್ಟೇ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಬಿಲ್ಲೆ ಎಂಬ ಮಾತು ನಮಗೆ ಹೊಸದಲ್ಲ. ಹಿಂದೆ ಸರಕಾರಿ ಕಚೇರಿಗಳ ದಲಾಯತರು ಎದೆಗೆ ಅಡ್ಡಲಾಗಿ ಪಟ್ಟಿ ಧರಿಸಿ, ಅದರ ಮೇಲೆ ಹಿತ್ತಾಳೆಯ ಬಿಲ್ಲೆ ತೊಡುತ್ತಿದ್ದರು. ಅವರು ಯಾರ ಕಡೆಯವರು ಎಂಬುದನ್ನು ಆ ಬಿಲ್ಲೆ ಹೇಳುತ್ತಿತ್ತೇ ಹೊರತು ಅವರಿಗೆ ಏನು ಬರುತ್ತದೆ ಎಂಬುದನ್ನಲ್ಲ. ಓಟದಲ್ಲಿ ಗೆದ್ದವನ ಪದಕವಾದರೋ ಎಂದೋ ನಡೆದುಹೋದ ಗೆಲುವಿನ ನೆನಪು. ಬಾಲಚರನ ಬಿಲ್ಲೆಯ ಜಾತಿಯೇ ಬೇರೆ. ‘ಈ ಕೆಲಸ ನನಗೆ ಬರುತ್ತದೆ, ಬೇಕಾದಾಗ ಕರೆಯಿರಿ’ ಎಂದು ಕಂಡವರಿಗೆಲ್ಲ ಅವನು ಕೊಟ್ಟ ಮಾತು ಅದು. ಮಾತನ್ನು ಕೊಡುವ ಮೊದಲು ಅದನ್ನು ನಡೆಸುವ ಶಕ್ತಿ ತನಗಿದೆಯೇ ಎಂದು ನೋಡಿಕೊಳ್ಳಬೇಕಷ್ಟೆ. ಬಾಲಚರ ಶಿಕ್ಷಣದ ಪರೀಕ್ಷೆಗಳೂ ಮೆಟ್ಟಿಲುಗಳೂ ಹುಟ್ಟಿದ್ದು ಅದಕ್ಕಾಗಿ.

ಈ ಬಿಲ್ಲೆಯ ಹುಟ್ಟಿನಲ್ಲಿ ಭಾರತಕ್ಕೂ ಒಂದು ಪಾಲುಂಟು. ಬಾಲಚರ ಚಳುವಳಿಯ ಜನಕನಾದ ರಾಬರ್ಟ್ ಬೇಡನ್ ಪೊವೆಲ್ (೧೮೫೭-೧೯೪೧) ಬ್ರಿಟಿಷ್ ಸೇನೆಯ ಅಧಿಕಾರಿ. ಹತ್ತೊಂಬತ್ತರ ಹರೆಯದಲ್ಲಿ, ೧೮೭೬ರಲ್ಲಿ, ಆತನು ಲಖನೌದಲ್ಲಿದ್ದ ಅಶ್ವದಳವೊಂದನ್ನು ಸೇರಿದನು. ಬಹುಕಾಲ ಬೇರೆ ಬೇರೆ ದೇಶಗಳಲ್ಲಿ ತಿರುಗಿ, ೧೮೯೭ರಲ್ಲಿ ಮರಳಿ ಭಾರತಕ್ಕೆ ಬಂದು ಮೀರತ್ತಿನಲ್ಲಿ ಒಂದು ರೆಜಿಮೆಂಟಿನ ಮುಖ್ಯಸ್ಥನಾದನು. ಶತ್ರುವಿನ ಜಾಡು ಹಿಡಿಯುವುದು, ನೆಲದ ಗುರುತುಗಳನ್ನು ಓದುವುದು, ಅಪರಿಚಿತವಾದ ಸೀಮೆಯಲ್ಲಿ ಒಬ್ಬನೇ ದಾರಿ ಕಂಡುಕೊಳ್ಳುವುದು—ಇವನ್ನು ಆತನು ಸಿಪಾಯಿಗಳಿಗೆ ಚಿಕ್ಕ ಚಿಕ್ಕ ಗುಂಪುಗಳಲ್ಲಿ ಕಲಿಸತೊಡಗಿದನು. ಕಲಿತು ತೇರ್ಗಡೆಯಾದವರಿಗೆ ತೋಳಿನ ಮೇಲೆ ಧರಿಸಲು ಒಂದು ಬಿಲ್ಲೆಯನ್ನು ಕೊಟ್ಟನು. ದಿಕ್ಸೂಚಿಯಲ್ಲಿ ಉತ್ತರವನ್ನು ತೋರಿಸುವ ಮೊನೆಯ ಆಕಾರ ಅದರದು. ಲೋಕದ ಬಾಲಚರರೆಲ್ಲ ಇಂದು ಧರಿಸುವ ಲಾಂಛನದ ಮೂಲ ಈ ಸಿಪಾಯಿಗಳ ಬಿಲ್ಲೆಯಲ್ಲಿದೆ.

ದಕ್ಷಿಣ ಆಫ್ರಿಕದ ಮಾಫೆಕಿಂಗ್ ಪಟ್ಟಣವು ೧೮೯೯-೧೯೦೦ರಲ್ಲಿ ೨೧೭ ದಿನಗಳ ಮುತ್ತಿಗೆಗೆ ಸಿಕ್ಕಿದಾಗ ಅದನ್ನು ಕಾಯ್ದವನು ಬೇಡನ್ ಪೊವೆಲ್. ಅಲ್ಲಿ ಹುಡುಗರು ಸಂದೇಶಗಳನ್ನು ಹೊತ್ತು ಓಡಾಡಿ ದೊಡ್ಡವರ ಕೈಗೆ ಬಿಡುವು ಕೊಟ್ಟರು. ನಂಬಿ ಕೆಲಸ ಒಪ್ಪಿಸಿದರೆ ಎಳೆಯರೂ ಅದನ್ನು ನಡೆಸಬಲ್ಲರೆಂಬುದನ್ನು ಆತನು ಕಣ್ಣಾರೆ ಕಂಡನು. ಸಿಪಾಯಿಗಳಿಗಾಗಿ ತಾನು ಬರೆದ ಪುಸ್ತಕವನ್ನು ಇಂಗ್ಲೆಂಡಿನ ಉಪಾಧ್ಯಾಯರು ಮಕ್ಕಳಿಗೆ ಪಾಠ ಹೇಳಲು ಬಳಸುತ್ತಿದ್ದಾರೆಂದು ತಿಳಿದಾಗ, ಮಕ್ಕಳಿಗೆಂದೇ ಒಂದು ಕ್ರಮವನ್ನು ರಚಿಸುವ ಯೋಚನೆ ಬಲಿಯಿತು.

೧೯೦೭ರ ಆಗಸ್ಟಿನಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನೆರೆಯಿತು. ಸಿರಿವಂತರ ಶಾಲೆಗಳ ಮಕ್ಕಳೂ ದುಡಿಯುವ ಮನೆಗಳ ಮಕ್ಕಳೂ ಅಲ್ಲಿ ಒಂದೇ ಡೇರೆಯಲ್ಲಿ ಮಲಗಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಲ್ಲ. ತೋಳ, ಗೂಳಿ, ಕಾಡುಕಾಗೆ, ಕರ್ಲ್ಯೂ ಎಂಬ ಹಕ್ಕಿ—ಈ ನಾಲ್ಕು ಹೆಸರಿನ ನಾಲ್ಕು ತಂಡಗಳು. ಶಿಬಿರಕ್ಕೆ ಬಂದ ಹುಡುಗನಿಗೆ ಹಿತ್ತಾಳೆಯ ಬಿಲ್ಲೆಯ ಮೇಲಿನ ಭಾಗ ಮಾತ್ರ ದೊರೆಯುತ್ತಿತ್ತು. ಗಂಟು ಹಾಕುವುದು, ಜಾಡು ಹಿಡಿಯುವುದು, ಧ್ವಜದ ವಿಚಾರ ಇವುಗಳಲ್ಲಿ ಪರೀಕ್ಷೆ ಗೆದ್ದ ಮೇಲೆ ಅದರ ಕೆಳಗೆ ‘ಸಿದ್ಧನಾಗಿರು’ ಎಂಬ ಮಾತನ್ನು ಕೆತ್ತಿದ ಪಟ್ಟಿಯನ್ನು ಸೇರಿಸಿಕೊಳ್ಳಬಹುದಾಗಿತ್ತು. ಅರ್ಧ ಬಿಲ್ಲೆ ಧರಿಸಿದವನಿಗೆ ಉಳಿದರ್ಧದ ಮೇಲೆ ಕಣ್ಣಿರುವುದು ಸಹಜ. ಹುಡುಗರ ಮನಸ್ಸನ್ನು ಬಲ್ಲವನೇ ಇಂತಹ ಉಪಾಯವನ್ನು ಹೂಡಬಲ್ಲ.

ಮರುವರ್ಷ, ೧೯೦೮ರಲ್ಲಿ, ಬೇಡನ್ ಪೊವೆಲ್ ಹುಡುಗರಿಗಾಗಿ ಬರೆದ ಪುಸ್ತಕವು ಬಿಡಿ ಬಿಡಿ ಸಂಚಿಕೆಗಳಲ್ಲಿ ಹೊರಬಂದಿತು. ಆ ಮೊದಲ ವರ್ಷಗಳಲ್ಲಿ ಏರ್ಪಟ್ಟ ದರ್ಜೆಗಳು ಮೂರು. ಹೊಸಬನಿಗೆ ‘ಎಳೆಯ ಪಾದದವನು’ ಎಂಬ ಅರ್ಥದ ಹೆಸರು. ಆಮೇಲೆ ಎರಡನೆಯ ದರ್ಜೆ. ಕೊನೆಗೆ ಮೊದಲ ದರ್ಜೆ. ಎರಡನೆಯ ದರ್ಜೆಗೆ ನಿಗದಿಯಾಗಿದ್ದ ಪರೀಕ್ಷೆಗಳನ್ನು ಇಂದು ಓದಿದರೂ ಮನಸ್ಸು ಅರಳುತ್ತದೆ. ಇಪ್ಪತ್ತು ಹೆಜ್ಜೆ ನಡಿಗೆ, ಇಪ್ಪತ್ತು ಹೆಜ್ಜೆ ಓಟ—ಹೀಗೆ ಬದಲಿಸುತ್ತ ಹನ್ನೆರಡು ನಿಮಿಷಗಳಲ್ಲಿ ಒಂದು ಮೈಲಿ ಸಾಗಬೇಕು. ಕಾಲು ಪೌಂಡು ಮಾಂಸವನ್ನೂ ಎರಡು ಆಲೂಗೆಡ್ಡೆಗಳನ್ನೂ ಶಿಬಿರದ ಒಂದೇ ಡಬ್ಬಿಯ ಪಾತ್ರೆಯಿಟ್ಟುಕೊಂಡು ಬೇಯಿಸಬೇಕು. ದಿಕ್ಸೂಚಿಯ ಹದಿನಾರು ದಿಕ್ಕುಗಳನ್ನು ಅರಿತಿರಬೇಕು. ಉಳಿತಾಯದ ಬ್ಯಾಂಕಿನಲ್ಲಿ ಕಡಿಮೆಯೆಂದರೆ ಆರು ಪೆನ್ಸು ಇರಬೇಕು. ಅರ್ಧ ಮೈಲಿ ದೂರ ಜಾಡು ಹಿಡಿದು ಹೋಗಬೇಕು; ಪೇಟೆಯಲ್ಲಿ ಬೆಳೆದ ಹುಡುಗನಿಗೆ ಕಾಡೆಲ್ಲಿಂದ ಬರಬೇಕು? ಅವನು ನಾಲ್ಕು ಅಂಗಡಿಗಳ ಗಾಜಿನ ಕಿಟಕಿಗಳನ್ನು ಒಂದೊಂದು ನಿಮಿಷ ನೋಡಿ, ಅವುಗಳಲ್ಲೊಂದರಲ್ಲಿ ಏನೇನಿತ್ತೆಂದು ಹೇಳಿದರೆ ಸಾಕು. ಅಥವಾ ತಟ್ಟೆಯಲ್ಲಿಟ್ಟ ೨೪ ಸಣ್ಣ ವಸ್ತುಗಳನ್ನು ಒಂದು ನಿಮಿಷ ನೋಡಿ ೧೬ನ್ನು ನೆನಪಿನಿಂದ ಹೇಳಬೇಕು. ಈ ಕೊನೆಯ ಆಟಕ್ಕೆ ‘ಕಿಮ್’ ಎಂದು ಹೆಸರು. ರಡ್ಯಾರ್ಡ್ ಕಿಪ್ಲಿಂಗನ ೧೯೦೧ರ ಕಾದಂಬರಿಯಲ್ಲಿ ಕಿಮ್ ಎಂಬ ಹುಡುಗನು ಸಿಮ್ಲಾದ ಅಂಗಡಿಯೊಂದರಲ್ಲಿ ಹರಳುಗಳನ್ನು ನೋಡಿ ನೆನಪಿಡಲು ಕಲಿಯುತ್ತಾನೆ, ಅಲ್ಲಿಂದ ಬಂದದ್ದು.

ಈ ಪಟ್ಟಿಯಲ್ಲಿ ಇನ್ನೊಂದು ಪರೀಕ್ಷೆ ಇತ್ತು: ಎರಡಕ್ಕಿಂತ ಹೆಚ್ಚು ಬೆಂಕಿಕಡ್ಡಿ ಬಳಸದೆ ಬಯಲಿನಲ್ಲಿ ಒಲೆ ಹೊತ್ತಿಸುವುದು. ಕೇಳಲು ಸುಲಭ. ಆದರೆ ಕಡ್ಡಿ ಗೀರುವುದು ಆ ಕೆಲಸದ ಕೊನೆಯ ಅಂಗ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿರಬೇಕು. ಒಣಹುಲ್ಲು, ತೆಂಗಿನ ನಾರು, ಸಣ್ಣ ಪುರುಳೆ, ಹೆಬ್ಬೆರಳ ದಪ್ಪದ ಕಟ್ಟಿಗೆ ಎಂದು ಕ್ರಮವಾಗಿ ಬೇರೆ ಬೇರೆಯಾಗಿ ಜೋಡಿಸಿಟ್ಟಿರಬೇಕು. ಗಾಳಿಯಾಡಲು ಬುಡದಲ್ಲಿ ಸಂದು ಬಿಟ್ಟಿರಬೇಕು. ಇಷ್ಟನ್ನು ಮಾಡಿದವನಿಗೆ ಒಂದು ಕಡ್ಡಿಯೇ ಸಾಕು. ಮಾಡದವನಿಗೆ ಪೆಟ್ಟಿಗೆ ಪೂರ್ತಿ ತೀರಿದರೂ ಹೊಗೆಯೇ ಗತಿ. ಪರೀಕ್ಷಕನ ಕಣ್ಣು ಬೆಂಕಿಯ ಮೇಲಿರುವುದಿಲ್ಲ, ಅದಕ್ಕೆ ಮುಂಚಿನ ಕಾಲು ಗಂಟೆಯ ಮೇಲಿರುತ್ತದೆ. ಪುಸ್ತಕವನ್ನು ಉರುಹೊಡೆದು ಒಪ್ಪಿಸಿ ಈ ಪರೀಕ್ಷೆಯನ್ನು ಗೆಲ್ಲುವ ಬಗೆಯಿಲ್ಲ. ಹತ್ತಿರ ಕುಳಿತವನ ಉತ್ತರವನ್ನು ನೋಡಿ ಬರೆಯುವ ಬಗೆಯೂ ಇಲ್ಲ.

ಹುಡುಗಿಯರು ಈ ಬಿಲ್ಲೆಗಳಿಗೆ ಕೈಚಾಚಲು ಯಾರ ಅಪ್ಪಣೆಗೂ ಕಾಯಲಿಲ್ಲ. ೧೯೦೯ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಬಾಲಚರರ ಸಮಾವೇಶ ನಡೆದಾಗ ಹುಡುಗಿಯರ ಗುಂಪೊಂದು ತಾನೂ ಬಾಲಚರರ ಟೋಪಿ ತೊಟ್ಟು ಬಂದು ನಿಂತಿತು. ಮರುವರ್ಷವೇ ಗೈಡುಗಳ ಸಂಸ್ಥೆ ಸ್ಥಾಪಿತವಾಯಿತು. ೧೯೧೧ರಲ್ಲಿ ಜಬಲ್ಪುರದಲ್ಲಿ ಭಾರತದ ಮೊದಲ ಗೈಡುಗಳ ದಳ ಕೂಡಿತು.

ಬಾಲಚರರ ದಳವಾದರೋ ಅದಕ್ಕೂ ಮೊದಲೇ ನಮ್ಮ ನಾಡಿಗೆ ಕಾಲಿಟ್ಟಿತ್ತು. ೧೯೦೯ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬವರು ಬೆಂಗಳೂರಿನಲ್ಲಿ ದಳವೊಂದನ್ನು ಕಟ್ಟಿ ಲಂಡನ್ನಿನಲ್ಲಿ ನೋಂದಣಿ ಮಾಡಿಸಿದರು. ಭಾರತದ ಮೊದಲ ಬಾಲಚರ ದಳವೆಂದರೆ ಅದೇ. ಆದರೆ ಆ ಕಾಲದ ದಳಗಳಲ್ಲಿ ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಮಾತ್ರ ಪ್ರವೇಶ. ಬೆಂಗಳೂರಿನ ಬೀದಿಯಲ್ಲಿ ಆ ಸಮವಸ್ತ್ರವನ್ನು ನೋಡಿ ಆಸೆಪಟ್ಟ ಕನ್ನಡದ ಹುಡುಗನಿಗೆ, ಎಷ್ಟು ಗಂಟು ಹಾಕಲು ಬಂದರೂ, ಒಂದು ಬಿಲ್ಲೆಯೂ ದೊರೆಯುವಂತಿರಲಿಲ್ಲ. ಮನುಷ್ಯರೆಲ್ಲ ಸೋದರರೆಂದು ಪ್ರತಿಜ್ಞೆ ಮಾಡಿಸುವ ಸಂಸ್ಥೆಯ ಬಾಗಿಲು ಹೀಗೆ ಮುಚ್ಚಿದ್ದುದು ವಿಚಿತ್ರವೇ ಸರಿ. ಆ ಬಾಗಿಲನ್ನು ತಟ್ಟುತ್ತ ನಿಲ್ಲದೆ ಭಾರತೀಯರು ತಮ್ಮದೇ ಮನೆ ಕಟ್ಟಿದರು. ೧೯೧೬ರಲ್ಲಿ ಡಾ. ಆನಿ ಬೆಸೆಂಟರು ಜಿ. ಎಸ್. ಅರುಂಡೇಲರ ನೆರವಿನಿಂದ ಮದರಾಸಿನಲ್ಲಿ ಭಾರತೀಯ ಮಕ್ಕಳಿಗಾಗಿ ಬಾಲಚರ ಸಂಘವನ್ನು ಆರಂಭಿಸಿದರು. ಪಂಡಿತ ಮದನಮೋಹನ ಮಾಲವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರು ಅಲಹಾಬಾದಿನಲ್ಲಿ ಸೇವಾ ಸಮಿತಿಯ ಬಾಲಚರ ಸಂಘವನ್ನು ಬೆಳೆಸಿದರು. ಸ್ವಾತಂತ್ರ್ಯಾನಂತರ ಬೇರೆ ಬೇರೆ ಸಂಘಗಳು ಒಂದಾಗಿ, ೧೯೫೦ರ ನವೆಂಬರ್ ೭ರಂದು ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಸಂಸ್ಥೆ ರೂಪುಗೊಂಡಿತು. ೧೯೫೧ರ ಆಗಸ್ಟ್ ೧೫ರಂದು ಗೈಡುಗಳೂ ಅದರಲ್ಲಿ ಸೇರಿದರು.

ಈ ಸಂಸ್ಥೆಯಲ್ಲಿ ದರ್ಜೆಗಳಿಗೆ ಇಟ್ಟಿರುವ ಹೆಸರುಗಳನ್ನು ಗಮನಿಸಬೇಕು. ಹತ್ತು ವರ್ಷದೊಳಗಿನ ಕಬ್ ಮತ್ತು ಬುಲ್‌ಬುಲ್‌ಗಳಿಗೆ ‘ಚರಣ’ಗಳು, ಹತ್ತು ತುಂಬಿದ ಸ್ಕೌಟು ಗೈಡುಗಳಿಗೆ ‘ಸೋಪಾನ’ಗಳು. ಮೊದಲು ಹೆಜ್ಜೆ, ಆಮೇಲೆ ಮೆಟ್ಟಿಲು. ಇಂಗ್ಲಿಷರ ‘ದರ್ಜೆ’ಗಿಂತ ಈ ‘ಸೋಪಾನ’ ಎಷ್ಟೋ ಮೇಲು. ದರ್ಜೆ ಎಂದೊಡನೆ ಮೇಲಿನವರು ಯಾರು, ಕೆಳಗಿನವರು ಯಾರು ಎಂಬ ಹೋಲಿಕೆ ಬಂದುಬಿಡುತ್ತದೆ. ಮೆಟ್ಟಿಲು ಹತ್ತುವವನು ತಾನು ನಿನ್ನೆ ಎಲ್ಲಿದ್ದೆ, ಇಂದು ಎಲ್ಲಿದ್ದೇನೆ ಎಂಬುದನ್ನು ನೋಡಿಕೊಂಡರೆ ಸಾಕು.

ಮೊದಲನೆಯದು ಪ್ರವೇಶ. ಪ್ರತಿಜ್ಞೆ, ನಿಯಮ, ವಂದನೆ, ಎಡಗೈ ಹಿಡಿದು ಕುಲುಕುವ ರೀತಿ, ಸಮವಸ್ತ್ರವನ್ನು ಅಚ್ಚುಕಟ್ಟಾಗಿ ತೊಡುವುದು, ದಿನಕ್ಕೊಂದು ಸತ್ಕಾರ್ಯ—ಇವು ಅಲ್ಲಿಯ ಪಾಠ. ಅನಂತರ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳು. ಗಂಟುಗಳು, ಪ್ರಥಮ ಚಿಕಿತ್ಸೆ, ದಿಕ್ಸೂಚಿ, ನಕ್ಷೆ, ಹೊರಬಯಲಿನ ಅಡುಗೆ, ಮರದ ಗಳುಗಳನ್ನು ಹಗ್ಗದಿಂದ ಬಿಗಿದು ಕಟ್ಟುವುದು, ಶಿಬಿರವಾಸ, ಸಮಾಜಸೇವೆ—ಇವು ಒಂದೊಂದು ಸೋಪಾನದಲ್ಲಿ ಒಂದಿಷ್ಟು ಕಠಿನವಾಗುತ್ತ ಬರುತ್ತವೆ. ಒಂದನ್ನು ಮುಗಿಸಿ ಇನ್ನೊಂದನ್ನು ಏರುವುದರ ನಡುವೆ ತಿಂಗಳುಗಳ ಅಂತರವಿರಲೇಬೇಕೆಂಬ ನಿಯಮವುಂಟು. ಕೈಗೆ ಬಂದ ಕೆಲಸ ರೂಢಿಯಾಗಲು ಆ ಅವಧಿ ಬೇಕು. ಆಮೇಲಿನದು ರಾಜ್ಯ ಪುರಸ್ಕಾರ. ಎಲ್ಲಕ್ಕಿಂತ ಮೇಲಿನದು ರಾಷ್ಟ್ರಪತಿ ಪುರಸ್ಕಾರ. ಇವುಗಳ ಪರೀಕ್ಷೆಗೆ ಬೇರೆಯೇ ಶಿಬಿರಗಳು ನಡೆಯುತ್ತವೆ. ದಾವಣಗೆರೆಯ ಬಳಿಯ ಕೊಂಡಜ್ಜಿಯಲ್ಲಿಯೂ ದೊಡ್ಡಬಳ್ಳಾಪುರದಲ್ಲಿಯೂ ಕರ್ನಾಟಕದ ಬಾಲಚರರ ಶಿಬಿರಕೇಂದ್ರಗಳಿವೆ.

ಮೆಟ್ಟಿಲುಗಳ ಹೆಸರು ಹೇಳಿದ ಮಾತ್ರಕ್ಕೆ ಅವುಗಳ ತಿರುಳು ತಿಳಿಯದು. ಪ್ರಥಮ ಸೋಪಾನದ ಗಂಟುಗಳನ್ನೇ ನೋಡಬಹುದು. ಬಾವಿಯಿಂದ ನೀರು ಸೇದುವವರು ಬಿಂದಿಗೆಯ ಕೊರಳಿಗೆ ಜೀರುಗುಣಿಕೆ ಹಾಕುತ್ತಾರೆ. ಭಾರ ಹೆಚ್ಚಿದಷ್ಟೂ ಕುಣಿಕೆ ಬಿಗಿಯುತ್ತದೆ, ಬಿಂದಿಗೆ ಜಾರುವುದಿಲ್ಲ. ಅದೇ ಬಾವಿಗೆ ಒಬ್ಬ ಮನುಷ್ಯ ಬಿದ್ದನೆನ್ನೋಣ. ಗಾಬರಿಯಲ್ಲಿ ಕೈಗೆ ರೂಢಿಯಾದ ಜೀರುಗುಣಿಕೆಯನ್ನೇ ಹಾಕಿ ಹಗ್ಗವನ್ನು ಇಳಿಬಿಟ್ಟರೆ, ಮೇಲೆಳೆದಂತೆಲ್ಲ ಅದು ಅವನ ಎದೆಯನ್ನು ಅಮುಕಿ ಉಸಿರು ಕಟ್ಟಿಸುತ್ತದೆ. ಬಿಂದಿಗೆಗೆ ಒಳ್ಳೆಯದಾದದ್ದು ಮನುಷ್ಯನಿಗೆ ಮೃತ್ಯು. ಬಾಲಚರನು ಕಲಿಯುವ ಬೋಲೈನ್ ಎಂಬ ಗಂಟಿನ ಕುಣಿಕೆ, ಸರಿಯಾಗಿ ಹಾಕಿದ್ದರೆ, ಎಷ್ಟೇ ಭಾರ ಬಿದ್ದರೂ ಕಿರಿದಾಗುವುದಿಲ್ಲ. ಹಾಗೆಯೇ ರೀಫ್ ಗಂಟು. ಬಲದ ತುದಿಯನ್ನು ಎಡದ ಮೇಲೆ, ಅನಂತರ ಎಡದ ತುದಿಯನ್ನು ಬಲದ ಮೇಲೆ ಹಾಯಿಸಿದರೆ ಅದು ಚಪ್ಪಟೆಯಾಗಿ ಕೂರುತ್ತದೆ. ಗಾಯದ ಪಟ್ಟಿಗೆ ಹೇಳಿಮಾಡಿಸಿದಂತಿದೆ, ಒತ್ತುವುದಿಲ್ಲ, ಬಿಚ್ಚಲೂ ಸುಲಭ. ಎರಡು ಸಲವೂ ಬಲದ್ದನ್ನೇ ಮೇಲೆ ಹಾಯಿಸಿದರೆ ನೋಡಲು ಹೆಚ್ಚು ಕಡಿಮೆ ಹಾಗೆಯೇ ಕಾಣುವ ಹುಸಿಗಂಟು ಹುಟ್ಟುತ್ತದೆ; ಎಳೆದಾಗ ಜಾರುತ್ತದೆ.

ಮೆಟ್ಟಿಲುಗಳ ಜೊತೆಗೆ ಪ್ರಾವೀಣ್ಯದ ಬಿಲ್ಲೆಗಳುಂಟು. ಅಡುಗೆ, ದಾರಿ ತೋರುವುದು, ಪ್ರಥಮ ಚಿಕಿತ್ಸೆ ಮುಂತಾದವುಗಳಲ್ಲಿ ತನ್ನ ಮನಸ್ಸು ಹರಿದ ಕಡೆಗೆ ಮಗುವು ಆರಿಸಿಕೊಳ್ಳಬಹುದು. ಇಲ್ಲಿ ಹಳೆಯದೊಂದು ಚರ್ಚೆ ಏಳುತ್ತದೆ. ಬಿಲ್ಲೆಯನ್ನು ಕೊಡಬೇಕಾದುದು ನೈಪುಣ್ಯಕ್ಕೋ, ಪ್ರಯತ್ನಕ್ಕೋ? ತುಂಗಭದ್ರೆಯ ದಂಡೆಯಲ್ಲಿ ಬೆಳೆದ ಹುಡುಗನಿಗೆ ಐವತ್ತು ಗಜ ಈಜುವುದು ಆಟ. ಬಯಲುಸೀಮೆಯ ಹುಡುಗನಿಗೆ ಮೊಣಕಾಲುದ್ದದ ನೀರೇ ಅಪರೂಪ. ಅವನು ಭಯವನ್ನು ನುಂಗಿ ಹತ್ತು ಗಜ ಈಜಿದರೆ ಅದು ಹಿರಿದಲ್ಲವೆ? ಕಾಲಿನ ಬಲ ಕುಂದಿದ ಹುಡುಗನಿಗೆ ಮೈಲಿಗಳ ನಡಿಗೆಯನ್ನು ವಿಧಿಸುವುದು ನ್ಯಾಯವೆ? ಬೇಡನ್ ಪೊವೆಲ್ ಪ್ರಯತ್ನದ ಪಕ್ಷ. ಮಗುವು ಎಷ್ಟು ತಲುಪಿತು ಎಂಬುದಕ್ಕಿಂತ ಎಷ್ಟು ಶ್ರಮಿಸಿತು ಎಂಬುದನ್ನು ಅಳೆಯಬೇಕೆಂದು ಆತನು ಉಪಾಧ್ಯಾಯರಿಗೆ ಮತ್ತೆ ಮತ್ತೆ ತಿಳಿಹೇಳಿದನು. ಹಿಂದುಳಿದವನಿಗೆ ಮೊದಲ ಬಿಲ್ಲೆ ದೊರೆತರೆ ಅವನು ಎರಡನೆಯದಕ್ಕೆ ತಾನಾಗಿಯೇ ಕೈಹಾಕುತ್ತಾನೆಂಬುದು ಆತನ ನಂಬಿಕೆ.

ಈ ಮಾತು ಬಹುಮಟ್ಟಿಗೆ ನಿಜ. ಆದರೆ ಎಲ್ಲ ಬಿಲ್ಲೆಗಳಿಗೂ ಇದು ಸಲ್ಲದು. ಗಾಯಕ್ಕೆ ಪ್ರಯತ್ನದ ಲೆಕ್ಕ ತಿಳಿಯದು. ರಕ್ತ ಸುರಿಯುತ್ತಿರುವಾಗ ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿಯಬೇಕು. ಕಾಫಿಪುಡಿಯನ್ನೋ ಮಣ್ಣನ್ನೋ ತುಂಬಬಾರದು. ಇದು ತಿಳಿಯದವನ ತೋಳಿನಲ್ಲಿ ಪ್ರಥಮ ಚಿಕಿತ್ಸೆಯ ಬಿಲ್ಲೆ ಇರುವುದಾದರೆ, ಅವನನ್ನು ನಂಬಿ ಕರೆದವರಿಗೆ ಅದು ಬಲೆಯಾಗುತ್ತದೆ. ಇನ್ನೂ ಒಂದು ತೊಡಕುಂಟು. ಹಾವು ಕಚ್ಚಿದರೆ ಕಚ್ಚಿದ ಜಾಗದ ಮೇಲ್ಗಡೆ ಬಿಗಿಯಾಗಿ ಕಟ್ಟಿ, ಗಾಯವನ್ನು ಕೊಯ್ದು ರಕ್ತ ಹರಿಸಬೇಕೆಂದು ಹಿಂದೆ ಕಲಿಸುತ್ತಿದ್ದರು. ಬಿಗಿಯಾಗಿ ಕಟ್ಟಲೂ ಬಾರದು, ಕೊಯ್ಯಲೂ ಬಾರದು. ಕಚ್ಚಿಸಿಕೊಂಡವನನ್ನು ಅಲುಗಾಡಗೊಡದೆ ಬೇಗನೆ ಆಸ್ಪತ್ರೆಗೆ ಸೇರಿಸಬೇಕು ಎಂಬುದು ಇಂದಿನ ವೈದ್ಯರ ಮಾತು. ಹಾಗಾದರೆ ಹಳೆಯ ಪಾಠವನ್ನು ಕಲಿತು ಬಿಲ್ಲೆ ಪಡೆದವನು ಕಪಾಟಿನಲ್ಲಿ ಅದನ್ನಿಟ್ಟು ಸುಮ್ಮನಿರಬಹುದೆ? ಬಟ್ಟೆಯ ಬಣ್ಣ ಮಾಸುವ ಮೊದಲೇ ವಿದ್ಯೆ ಮಾಸಬಹುದು. ಮೆಟ್ಟಿಲು ಹತ್ತಿಸುವಾಗ ಪರೀಕ್ಷಕನು ಮಗುವಿನ ಪ್ರಯತ್ನವನ್ನು ನೋಡಲಿ; ಇನ್ನೊಬ್ಬರ ಪ್ರಾಣ ಯಾವ ಬಿಲ್ಲೆಯನ್ನು ನಂಬಿಕೊಂಡಿದೆಯೋ ಅಲ್ಲಿ ಮಾತ್ರ ಕೈಯ ಕೆಲಸವನ್ನೇ ನೋಡಲಿ, ಆಗಾಗ ಮತ್ತೆ ಮತ್ತೆ ನೋಡಲಿ. ಇದರಲ್ಲಿ ದಯೆಗೆ ಅವಕಾಶವಿಲ್ಲ.

ಬಿಲ್ಲೆಗಳ ಬೇಟೆಯೆಂಬ ರೋಗದ ಬಗ್ಗೆಯೂ ಬೇಡನ್ ಪೊವೆಲ್ ಎಚ್ಚರಿಸಿದ್ದನು. ತೋಳಿನ ತುಂಬ ಬಿಲ್ಲೆ ಬೇಕು, ವಿದ್ಯೆ ಹೇಗಾದರೂ ಇರಲಿ ಎಂಬ ಆತುರ ಅದು. ಮೇಲಿನ ಪುರಸ್ಕಾರಗಳಿಗೆ ಹೊರಗಿನ ಬೆಲೆ ಬಂದಷ್ಟೂ ಈ ರೋಗ ಹೆಚ್ಚುತ್ತದೆ. ರೈಲ್ವೆಯಲ್ಲಿ ಸ್ಕೌಟು ಗೈಡುಗಳಿಗೆಂದು ಕೆಲವು ಹುದ್ದೆಗಳನ್ನು ಮೀಸಲಿಟ್ಟ ಪದ್ಧತಿಯಿದೆ. ಶ್ರಮಪಟ್ಟವರಿಗೆ ಅದು ದೊರೆಯುವುದು ಒಳ್ಳೆಯದೇ. ಆದರೆ ದಾಖಲೆಯ ಪುಸ್ತಕದಲ್ಲಿ ಮಾಡದ ಸೇವೆಯನ್ನು ಬರೆದು, ನಡೆಯದ ನಡಿಗೆಗೆ ಸಹಿ ಹಾಕಿಸಿಕೊಂಡು ಏರಿದವನಿದ್ದಾನಲ್ಲ, ಅವನು ಮಾಡುವ ನಷ್ಟವನ್ನು ಅವನೊಬ್ಬನೇ ಅನುಭವಿಸುವುದಿಲ್ಲ. ಅದೇ ಬಿಲ್ಲೆಯನ್ನು ನ್ಯಾಯವಾಗಿ ಗಳಿಸಿದ ಇನ್ನೊಬ್ಬನ ಮಾತನ್ನೂ ಜನ ನಂಬದಂತಾಗುತ್ತದೆ. ಖೋಟಾ ನಾಣ್ಯ ಚಲಾವಣೆಗೆ ಬಂದರೆ ಸಂಶಯ ಬೀಳುವುದು ನಿಜನಾಣ್ಯದ ಮೇಲೆಯೇ. ಇದಕ್ಕೆ ಮಕ್ಕಳನ್ನು ಮಾತ್ರ ಹೊಣೆಮಾಡುವಂತಿಲ್ಲ; ಸಹಿ ಹಾಕುವ ಕೈ ದೊಡ್ಡವರದು.

ಮೆಟ್ಟಿಲು ಏರಿದವನಿಗೆ ಅಧಿಕಾರ ಬರುವುದೆ? ಬರುವುದಿಲ್ಲ. ಆರೆಂಟು ಮಕ್ಕಳ ತಂಡಕ್ಕೆ ಒಬ್ಬ ನಾಯಕನಿರುತ್ತಾನೆ. ಅದು ಬೇರೆಯ ಹೊಣೆ, ಅದಕ್ಕೆ ಬೇರೆಯ ಗುರುತು. ಈ ಭೇದವನ್ನು ಬಿಟ್ಟರೆ ಬಾಲಚರ ದಳವು ಸೈನ್ಯದ ಅಣಕವಾದೀತು. ಕಲಿಸುವ ಉಪಾಧ್ಯಾಯರಿಗೂ ಮೆಟ್ಟಿಲುಗಳು ತಪ್ಪಿದ್ದಲ್ಲ. ಮಧ್ಯಪ್ರದೇಶದ ಪಚಮಢಿಯಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ತರಬೇತಿಯ ಹಂತಗಳನ್ನು ಮುಗಿಸಿದ ಉಪಾಧ್ಯಾಯರು ‘ಹಿಮಾಲಯ ವುಡ್ ಬ್ಯಾಡ್ಜ್’ ಪಡೆಯುತ್ತಾರೆ. ಚರ್ಮದ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿಗಳು; ಚಿನ್ನವಿಲ್ಲ, ಬೆಳ್ಳಿಯಿಲ್ಲ.

ಹಿಂದಿನ ಕಾಲದ ಮೊದಲ ದರ್ಜೆಯ ಪರೀಕ್ಷೆಗಳನ್ನು ಮೇಲೆ ಹೇಳಲಿಲ್ಲ. ಏಳು ಮೈಲಿ ದೂರದ ಒಂದು ಸ್ಥಳಕ್ಕೆ ಒಬ್ಬನೇ ಕಾಲ್ನಡಿಗೆಯಲ್ಲಿ ಹೋಗಿ, ಹಿಂತಿರುಗಿ, ದಾರಿಯಲ್ಲಿ ಕಂಡುದನ್ನು ಬರೆದು ಒಪ್ಪಿಸಬೇಕಾಗಿತ್ತು. ದೂರ, ಎತ್ತರ, ಗಾತ್ರ, ಎಣಿಕೆ ಇವುಗಳನ್ನು ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ತಪ್ಪದೆ ಕಣ್ಣಳತೆಯಿಂದ ಹೇಳಬೇಕಾಗಿತ್ತು. ಬ್ಯಾಂಕಿನ ಆರು ಪೆನ್ಸು ಈಗ ಒಂದು ಶಿಲಿಂಗ್ ಆಗಿರಬೇಕಿತ್ತು. ಇವೆಲ್ಲದರ ಜೊತೆಗೆ ಇನ್ನೊಂದು ಷರತ್ತು. ದಳಕ್ಕೆ ಹೊಸಬನಾದ ಒಬ್ಬ ಹುಡುಗನನ್ನು ಕರೆತಂದು, ಪ್ರವೇಶಕ್ಕೆ ಬೇಕಾದುದೆಲ್ಲವನ್ನೂ ತಾನೇ ಅವನಿಗೆ ಕಲಿಸಿರಬೇಕು. ಆ ಹೊಸಬನು ಪರೀಕ್ಷಕನ ಎದುರು ಹಗ್ಗದ ಎರಡು ತುದಿಗಳನ್ನು ಹಿಡಿದು ಬಲದ್ದನ್ನು ಎಡದ ಮೇಲೆ, ಎಡದ್ದನ್ನು ಬಲದ ಮೇಲೆ ಹಾಯಿಸಿ ಗಂಟು ಹಾಕುವವರೆಗೆ, ಕಲಿಸಿದವನಿಗೆ ಮೊದಲ ದರ್ಜೆಯ ಬಿಲ್ಲೆ ಇರಲಿಲ್ಲ.